ಹಿಡಿಕೆ ತಿರುಗಿಸಿ ಚಿತ್ರಿಸುವ ಕಿನಾಮೊ: ನನ್ನ ಅನುಭವ

ಜರ್ಮನಿಯ ಡ್ರೆಸ್ಡೆನ್ನಿನ ಇಕಾ ಕಂಪನಿ 1921ರಲ್ಲಿ ಹೊರತಂದ ಕಿನಾಮೊ ಚಲನಚಿತ್ರ ಕ್ಯಾಮೆರಾ, ಅದು ತಯಾರಾದ ಊರಿನಲ್ಲೇ ನೌಕರಿಯಲ್ಲಿರುವ ನನಗೆ ಹಳೆಯ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ಭಾರದ ಕ್ಯಾಮೆರಾ ಹೊತ್ತು ತಿರುಗಲಾರದ ಹವ್ಯಾಸಿಗಳಿಗೂ 35 ಮಿಲಿಮೀಟರ್ ಫಿಲ್ಮ್ ದಕ್ಕುವಂತೆ ಇಮ್ಯಾನುಯೆಲ್ ಗೋಲ್ಡ್‌ಬರ್ಗ್ ರೂಪಿಸಿದ ಪುಟ್ಟ ಪೆಟ್ಟಿಗೆ ಇದು. 1923ರಲ್ಲಿ ಬಂದ ಸ್ಪ್ರಿಂಗ್ ಮೋಟಾರು ನನ್ನದಕ್ಕಿಲ್ಲ. ಮುಕ್ಕಾಲಿಯ ಮೇಲಿಟ್ಟು ಕೈಯಿಂದಲೇ ತಿರುಗಿಸಬೇಕು.

ಕೈಯ ವೇಗ ಪಳಗಿಸುವುದಕ್ಕೇ ಹೆಚ್ಚು ದಿನ ಹಿಡಿಯಿತು. 35 ಮಿಲಿಮೀಟರ್ ಫಿಲ್ಮಿನ ಒಂದು ಮೀಟರಿನಲ್ಲಿ ಸುಮಾರು 52 ಫ್ರೇಮುಗಳು, ಅಂದರೆ ಬಿಡಿ ಚಿತ್ರಗಳು, ಇರುವುದರಿಂದ, ಸೆಕೆಂಡಿಗೆ 16 ಫ್ರೇಮಿನಂತೆ ಐದು ಮೀಟರ್ ಓಡಲು ಹದಿನಾರೂವರೆ ಸೆಕೆಂಡು ಬೇಕು. ಅಷ್ಟೇ ಉದ್ದದ ರದ್ದಿ ಫಿಲ್ಮನ್ನು ಮತ್ತೆ ಮತ್ತೆ ಹಾಕಿ, ಬಾಲ್ಯದಲ್ಲಿ ಕಲಿತ ಆದಿತಾಳದ ಎಂಟು ಎಣಿಕೆಯನ್ನು ಮನಸ್ಸಿನಲ್ಲೇ ಹಾಕಿಕೊಳ್ಳುತ್ತಾ, ಗಡಿಯಾರ ಒಪ್ಪುವವರೆಗೆ ತಿರುಗಿಸಿದೆ.

ಕ್ಯಾಸೆಟ್ಟಿಗೆ 25 ಮೀಟರ್, ಅಂದರೆ ಎಂಬತ್ತು ಸೆಕೆಂಡಿನಷ್ಟು ಫಿಲ್ಮ್ ಹಿಡಿಯುತ್ತದೆ. ಅದನ್ನು ಕತ್ತಲಲ್ಲಿ ತುಂಬಬೇಕು. ಮೊದಲ ಸಲ ಸಡಿಲವಾಗಿರಬೇಕಾದ ಫಿಲ್ಮಿನ ಕುಣಿಕೆಯನ್ನು ಬಿಗಿಯಾಗಿ ಬಿಟ್ಟಿದ್ದರಿಂದ ಅಂಚಿನ ರಂಧ್ರಗಳು ಹರಿದುಹೋದವು.

ನಾನು ಊಹಿಸದೇ ಇದ್ದ ತೊಡಕು ಬೆಳಕಿನದು. ನಾನು ಕೊಂಡ ಓರ್ವೋ ಯುಎನ್ 54 ಫಿಲ್ಮಿನ ವೇಗ, ಅಂದರೆ ಬೆಳಕನ್ನು ಹಿಡಿಯುವ ಚುರುಕು, ಐಎಸ್ಒ 100. ಪ್ರತಿ ಫ್ರೇಮಿಗೂ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಬೆಳಕು ಬೀಳುತ್ತದೆಂದು ಲೆಕ್ಕ ಹಾಕಿದರೆ, ಉರಿಬಿಸಿಲಿನಲ್ಲಿ ಬೆಳಕು ಒಳಬರುವ ದ್ಯುತಿರಂಧ್ರವನ್ನು ಎಫ್/16ರಷ್ಟು ಕಿರಿದಾಗಿಸಿದರೂ ಚಿತ್ರ ಅತಿಯಾಗಿ ಬೆಳಗುತ್ತದೆ. ಕ್ಯಾಮೆರಾ ತಯಾರಾದ ಕಾಲದ ಫಿಲ್ಮುಗಳು ಬೆಳಕಿಗೆ ಬಹಳ ಮಂದವಾಗಿದ್ದರಿಂದ ಆಗ ಈ ತೊಡಕಿರಲಿಲ್ಲ. ಹೀಗಾಗಿ ಮೋಡ ಕವಿದ ನವೆಂಬರಿಗೆ ಕಾದು, ಎಲ್ಬೆ ನದಿಯ ಅಗಸ್ಟಸ್ ಸೇತುವೆಯ ಮೇಲೆ ಟ್ರಾಮ್ ಸಾಗುವುದನ್ನು ಚಿತ್ರಿಸಿದೆ. 1933ರಲ್ಲಿ ಗೋಲ್ಡ್‌ಬರ್ಗ್ ಅವರನ್ನು ನಾಜಿಗಳು ಅಪಹರಿಸಿದ್ದೂ, ಬಿಡುಗಡೆಯ ಬಳಿಕ ಅವರು ದೇಶವನ್ನೇ ತೊರೆದದ್ದೂ ಅಲ್ಲಿ ನಿಂತಾಗ ನೆನಪಾಗಿ ಮನಸ್ಸು ಭಾರವಾಯಿತು.

ಹತ್ತು ಹತ್ತು ಮೀಟರಿನ ತುಂಡುಗಳನ್ನು ಸುರುಳಿ ಟ್ಯಾಂಕಿನಲ್ಲಿ ತೊಳೆದು ಒಣಗಿಸಿ ಕಿಟಕಿಗೆ ಹಿಡಿದಾಗ, ನೆಗೆಟಿವ್ ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ತೆಳುವಾಗಿ ಕಂಡಿತು. ಕೈ ನಿಧಾನವಾದಲ್ಲೆಲ್ಲ ಹೆಚ್ಚು ಬೆಳಕು ಕುಡಿದ ಫಿಲ್ಮ್ ಕಪ್ಪಾಗಿತ್ತು. ಸ್ಕ್ಯಾನ್ ಮಾಡಿ ಓಡಿಸಿದಾಗ ಅದೇ ಜಾಗಗಳಲ್ಲಿ ಟ್ರಾಮ್ ಧಾವಿಸಿತು. ಟ್ರಾಮ್ ಸೇತುವೆಯ ನಡುವಿಗೆ ಬಂದಾಗ ನಾನು ಎಣಿಕೆ ಬಿಟ್ಟು ಅದನ್ನೇ ನೋಡುತ್ತಿದ್ದೆನೆಂಬುದು ನೆಗೆಟಿವ್‌ನಲ್ಲಿ ಸ್ಪಷ್ಟವಾಗಿ ಉಳಿದಿದೆ.