ಕುಮಟಾ ಈರುಳ್ಳಿ ಸಿಪ್ಪೆಯಲ್ಲಿ ಈಸ್ಟರ್ ಮೊಟ್ಟೆ ಕೆಂಪಾದದ್ದು

2025ರ ಏಪ್ರಿಲ್ 20, ಈಸ್ಟರ್ ಭಾನುವಾರ. ಕಾರವಾರದ ನಮ್ಮ ಮನೆಯ ಮೇಜಿನ ಮೇಲೆ ಎರಡು ಡಜನ್ ಮೊಟ್ಟೆ. ಇಟ್ಟಿಗೆ ಕೆಂಪು, ಹಳದಿ, ನೀಲಿ, ಹಸಿರು. ಒಂದಕ್ಕೂ ಅಂಗಡಿ ಬಣ್ಣ ಹಾಕಿಲ್ಲ. "ಪ್ಯಾಕೆಟ್ ಬಣ್ಣ ಹತ್ತು ರೂಪಾಯಿಗೆ ಸಿಗ್ತದೆ, ಸುಮ್ನೆ ಯಾಕೆ ಗ್ಯಾಸ್ ಸುಡ್ತೀಯೆ?" ಅಂತ ಎರಡು ವರ್ಷದಿಂದ ಹೇಳುತ್ತಿದ್ದ ನಮ್ಮ ಮಾವಶಿ ಒಂದು ಕೆಂಪು ಮೊಟ್ಟೆ ಎತ್ತಿ ಕಿಟಕಿ ಬೆಳಕಿಗೆ ಹಿಡಿದು ನೋಡಿದರು. "ಇದು ಖರೇನೇ ಈರುಳ್ಳಿ ಸಿಪ್ಪೆದಾ?" ಅಂದರು. ಅವತ್ತೇ ಇದನ್ನು ಬರೆಯಬೇಕು ಅನಿಸಿತು.

ಗ್ರೀಸ್ ಕಡೆಯವರು ಪವಿತ್ರ ಗುರುವಾರದಂದು ಮೊಟ್ಟೆಗೆ ಕೆಂಪು ಹಾಕುತ್ತಾರೆ, ಕ್ರಿಸ್ತನ ರಕ್ತದ ಗುರುತು ಅಂತ. ನನಗೂ ಆ ಕೆಂಪೇ ಬೇಕಿತ್ತು.

2023ರಲ್ಲಿ ಬೀಟ್‌ರೂಟ್ ನಂಬಿ ಕೆಟ್ಟೆ. ಪಾತ್ರೆಯಲ್ಲಿ ನೀರು ಕುಂಕುಮದ ಹಾಗೆ ಕಾಣುತ್ತಿತ್ತು. ಮೊಟ್ಟೆ ಹೊರಗೆ ತೆಗೆದರೆ ಮಾಸಲು ಗುಲಾಬಿ, ಒಣಗಿದ ಮೇಲೆ ಕಂದು. ಆಮೇಲೆ ಮುರುಗಲು, ಅಂದರೆ ಕೋಕಂ. ಬಿಳಿ ಬಟ್ಟೆಗೆ ಒಂದು ಹನಿ ಬಿದ್ದರೆ ಕಲೆ ಹೋಗೋದಿಲ್ಲ, ಮೊಟ್ಟೆಗೆ ಹಿಡಿಯದೆ ಇರುತ್ತದಾ ಅಂದುಕೊಂಡೆ. ಹಿಡಿಯಲಿಲ್ಲ. ಮುರುಗಲು ಹುಳಿ, ಚಿಪ್ಪು ಸುಣ್ಣ. ದಪ್ಪ ರಸದಲ್ಲಿ ಇಟ್ಟ ಕೂಡಲೇ ಚಿಪ್ಪಿನ ತುಂಬ ಸಣ್ಣ ಗುಳ್ಳೆ ಎದ್ದವು. ಬೆಳಿಗ್ಗೆ ಮುಟ್ಟಿದರೆ ತರಿತರಿ, ಬಣ್ಣ ಬೂದಿಯ ಹಾಗೆ. ಬೆರಳಲ್ಲಿ ಉಜ್ಜಿದರೆ ಅದೂ ಎದ್ದು ಬಂತು. ಆ ವರ್ಷ ಮೂವತ್ತರ ಎರಡು ಟ್ರೇ ಹಾಳಾಯಿತು. ಮೊಟ್ಟೆಗೇ ಮುನ್ನೂರೈವತ್ತು ರೂಪಾಯಿ ಹತ್ತಿರ ಆಗಿತ್ತು.

2024ರಲ್ಲಿ ಹಬ್ಬ ಮಾರ್ಚ್ 31ಕ್ಕೇ ಬಂತು. ಪೇಟೆಯ ಘಟ್ಟದ ಈರುಳ್ಳಿಯ ಸಿಪ್ಪೆ ಎರಡು ಮುಷ್ಟಿ ಕುದಿಸಿದೆ. ಚಹಾ ಬಣ್ಣ ಬಂತು, ಅಷ್ಟೇ. ಅದರ ಮೇಲೆ ಒಂದೊಂದು ಮೊಟ್ಟೆಯಲ್ಲೂ ನನ್ನ ಹೆಬ್ಬೆರಳಿನ ಅಚ್ಚು ಬೆಳ್ಳಗೆ ಉಳಿದಿತ್ತು, ಗೆರೆ ಎಣಿಸುವಷ್ಟು ಸ್ಪಷ್ಟವಾಗಿ. ಮೀನು ಹುರಿದ ಕೈಯಲ್ಲೇ ಮುಟ್ಟಿದ್ದೆ, ಆ ಎಣ್ಣೆ. ಈಗ ಬಟ್ಟೆಗೆ ವಿನೆಗರ್ ಹಚ್ಚಿ ಒರೆಸಿದ ಮೇಲೆ ಮೊಟ್ಟೆಯನ್ನು ಕೈಯಲ್ಲಿ ಮುಟ್ಟುವುದೇ ಇಲ್ಲ, ಚಮಚದಲ್ಲೇ ಎತ್ತುತ್ತೇನೆ.

2025ರಲ್ಲಿ ಹಬ್ಬ ತಡ. ಅಷ್ಟೊತ್ತಿಗೆ ಕುಮಟಾ ತಾಲೂಕಿನ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಪಕ್ಕ ಅಲ್ಲಿಯ ಸಿಹಿ ಈರುಳ್ಳಿ ಗೊಂಚಲು ನೇತು ಹಾಕಿರುತ್ತಾರೆ, ಅಲ್ವಾ? ಗೊಂಚಲಿನ ಕೆಳಗೆ ಉದುರಿದ ಸಿಪ್ಪೆ ನೋಡಿದೆ. ತೆಳ್ಳಗೆ, ತಾಮ್ರದ ಹಾಗೆ ಹೊಳೆಯುತ್ತಿತ್ತು. ಎರಡು ಗೊಂಚಲು ಕೊಂಡೆ, ನಾನೂರು ಚಿಲ್ಲರೆ ಆಯಿತು. ಸಿಪ್ಪೆ ತುಂಬಿಕೊಳ್ಳಲಾ ಅಂತ ಕೇಳಿದೆ. "ಎಂತ ಮಾಡ್ತ್ರಿ ಈ ಕಸ ತಕಂಡು?" ಅಂತ ಮಾರುವ ಅಕ್ಕ ನಕ್ಕರು. ಒಂದು ಗೋಣಿಚೀಲ ತುಂಬ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಪಾತ್ರೆಗೆ ಸಿಪ್ಪೆ ಒತ್ತಿ ತುಂಬಿ, ಮುಳುಗುವಷ್ಟೇ ನೀರು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿದೆ. ಸೋಸಿ ಪೂರ್ತಿ ಆರಿಸಿದೆ. ಲೀಟರಿಗೆ ಎರಡು ಚಮಚ ವಿನೆಗರ್, ಜಾಸ್ತಿ ಬೇಡವೇ ಬೇಡ. ತಣ್ಣಗಿನ ಬಣ್ಣದಲ್ಲಿ ಮೊಟ್ಟೆ ಇಟ್ಟು ನಿಧಾನಕ್ಕೆ ಕಾಯಿಸಿದರೆ ಒಡೆಯುವುದಿಲ್ಲ. ಬೆಂದು ಆರಿದ ಮೇಲೆ ಅದೇ ನೀರಿನ ಸಮೇತ ರಾತ್ರಿಯಿಡೀ ಫ್ರಿಜ್‌ನಲ್ಲಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಹೊರಗಿಟ್ಟರೆ ತಿನ್ನಲಿಕ್ಕೆ ಬರುವುದಿಲ್ಲ. ಸಿಪ್ಪೆ ಕುದಿಯುವಾಗ ಇನ್ನೊಂದು ತೊಗಟೆ ಸೇರಿಸುತ್ತೇನೆ. ಕೆಂಪು ಗಾಢವಾಗುವುದು ಅದರಿಂದ. ಯಾವುದು ಅಂತ ಮಾತ್ರ ಹೇಳುವುದಿಲ್ಲ.

ಸ್ಟೀಲ್ ಪಾತ್ರೆಯೇ ಬೇಕು. ಕಬ್ಬಿಣದ ಬಾಣಲೆಯಲ್ಲಿ ಒಮ್ಮೆ ಕುದಿಸಿದ್ದಕ್ಕೆ ಬಣ್ಣ ಕಪ್ಪುಹಸಿರಿಗೆ ತಿರುಗಿತು.

ನೀಲಿಗೆ ನೇರಳೆ ಎಲೆಕೋಸು. ನೀರು ನೇರಳೆಯಾಗಿದ್ದರೂ ಚಿಪ್ಪಿನ ಸುಣ್ಣ ತಾಗಿ ನೀಲಿಗೆ ತಿರುಗುತ್ತದೆ. ಇದಕ್ಕೆ ಬಿಳಿ ಫಾರಂ ಮೊಟ್ಟೆಯೇ ಸರಿ. ಒದ್ದೆ ಇದ್ದಾಗ ಒರೆಸಿದರೆ ಬಣ್ಣ ಕಿತ್ತು ಬರುತ್ತದೆ. ಹಿಡಿಕಡ್ಡಿ ಸಾಲಾಗಿ ಜೋಡಿಸಿ ಅದರ ಮೇಲೆ ಒಣಗಲಿಕ್ಕೆ ಬಿಡುತ್ತೇನೆ. ಮೊದಲು ಅರಿಸಿನ ನೀರಲ್ಲಿ ಇಟ್ಟು ಆಮೇಲೆ ಇದರಲ್ಲಿ ಅದ್ದಿದರೆ ಒಳ್ಳೆ ಹಸಿರು.

ಅರಿಸಿನ ಅಂದ ಕೂಡಲೇ ಆರತಿಯ ಓಕುಳಿ ನೆನಪಾಯಿತು. ಅರಿಸಿನಕ್ಕೆ ಸುಣ್ಣ ಬಿದ್ದರೆ ಎಂಥ ಕೆಂಪು! ಮೊಟ್ಟೆಯನ್ನೂ ಅದರಲ್ಲಿ ಅದ್ದಿದೆ. ರಾತ್ರಿ ಕೆಂಪಗೆ ಇದ್ದದ್ದು ಬೆಳಿಗ್ಗೆ ಮಣ್ಣು ಹಳದಿ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಅದೇ ಕತೆ.

ಎಲೆ ಅಚ್ಚಿನಲ್ಲಿ ಮಾತ್ರ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇಲ್ಲ. ಒದ್ದೆ ಮಾಡಿದ ಒಂದೆಲಗದ ಎಲೆಯನ್ನು ಚಿಪ್ಪಿಗೆ ಅಂಟಿಸಿ, ಹಳೇ ಸೊಳ್ಳೆ ಪರದೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿ, ದಾರ ಕಟ್ಟಿ ಸಿಪ್ಪೆ ಬಣ್ಣಕ್ಕೆ ಬಿಡುತ್ತೇನೆ. ಬಿಚ್ಚಿದಾಗ ಕೆಂಪಿನ ನಡುವೆ ಬಿಳಿ ಎಲೆ, ನರ ಸಮೇತ. ಕೊನೆಗೆ ಒಂದು ಹನಿ ತೆಂಗಿನೆಣ್ಣೆ ಸವರಿದರೆ ಹೊಳಪು ಬರುತ್ತದೆ.

ಮೊಟ್ಟೆ, ವಿನೆಗರ್, ಗ್ಯಾಸ್ ಎಲ್ಲ ಸೇರಿ ಒಂದಕ್ಕೆ ಹತ್ತು ಹನ್ನೊಂದು ರೂಪಾಯಿ ಬಿತ್ತು. ಇಗರ್ಜಿಯಲ್ಲಿ ನೋಡಿದವರು ಕೇಳಿದರು ಅಂತ ಮುಂದಿನ ಮೂರು ದಿನದಲ್ಲಿ ಐದು ಡಜನ್ ಮಾಡಿ, ಇಪ್ಪತ್ತೈದರಂತೆ ಕೊಟ್ಟೆ. ಎಂಟುನೂರರ ಮೇಲೆ ಉಳಿಯಿತು. "ಇದೆಲ್ಲ ಹೋಗೋದಿಲ್ಲ" ಅಂದಿದ್ದ ಬೇಕರಿಯವರೂ ಎರಡು ಡಜನ್ ಒಯ್ದರು.

ಈಗ ಸಾಗವಾನಿ ಚಿಗುರಿನ ಹಿಂದೆ ಬಿದ್ದಿದ್ದೇನೆ. ಚಿಕ್ಕವರಿದ್ದಾಗ ಅಂಗೈಯಲ್ಲಿ ಉಜ್ಜಿ ರಕ್ತ ಅಂತ ಹೆದರಿಸುತ್ತಿದ್ದೆವಲ್ಲ, ಅದೇ ಬಣ್ಣ. ಮೂರು ಮೊಟ್ಟೆ ಮಾಡಿ ನೋಡಿದೆ. ಎರಡು ಮಂಕಾದವು, ಒಂದು ಮಾತ್ರ ಹಣ್ಣು ನೇರಳೆಯ ಬಣ್ಣಕ್ಕೆ ನಿಂತಿದೆ.