ಮೆತ್ತಗಾದ ಬ್ರೇಕ್ ಪೆಡಲ್ ಮತ್ತೆ ಗಟ್ಟಿಯಾದ ಬಗೆ: ನನ್ನ ಅನುಭವ

ಚಿಕ್ಕಮಗಳೂರಿನಿಂದ ಹೊರಟು ಕೈಮರ ದಾಟಿದ ಮೇಲೆ ಮುಳ್ಳಯ್ಯನಗಿರಿಯ ಕಡೆಗೆ ಏರುವ ರಸ್ತೆಯ ಬದಿಯಲ್ಲಿ ನಮ್ಮ ಸಣ್ಣ ಕಾಫಿ ತೋಟವಿದೆ. ಪೇಟೆಗೆ ಇಳಿಯುವಾಗ ದಾರಿಯುದ್ದಕ್ಕೂ ತಿರುವುಗಳೇ ಇರುವುದರಿಂದ, ಬ್ರೇಕ್ ಪೆಡಲ್ ಎಷ್ಟು ಆಳಕ್ಕೆ ಹೋಗಿ ಎಲ್ಲಿ ಹಿಡಿಯುತ್ತದೆ ಎಂಬುದು ನನ್ನ ಪಾದಕ್ಕೆ ಚೆನ್ನಾಗಿ ಪರಿಚಯವಿತ್ತು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬ್ರೇಕ್ ಒತ್ತಿದಾಗಲೆಲ್ಲ ಕಾರು ಎಡಕ್ಕೆ ಎಳೆಯತೊಡಗಿತು. ಮುಂದಿನ ಬಲ ಚಕ್ರವನ್ನು ಬಿಚ್ಚಿ ನೋಡಿದಾಗ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ಎಬಿಎಸ್ ಇಲ್ಲದ ಹಳೆಯ ಸಣ್ಣ ಕಾರು ಅದು. ಎರಡೂ ಬದಿಗೆ ಹೊಸ ಕ್ಯಾಲಿಪರ್ ಮತ್ತು ಪ್ಯಾಡ್ ತಂದು, ಹಿಂದಿನ ಡ್ರಮ್ಮುಗಳನ್ನೂ ಬಿಚ್ಚಿ ಧೂಳು ತೆಗೆಯುವುದೆಂದು ನಿಶ್ಚಯಿಸಿದೆ. ಕೊಯ್ಲು ಇನ್ನೂ ಶುರುವಾಗದೆ ಕಾಫಿ ಕಣ ಖಾಲಿಯಿತ್ತು. ಜ್ಯಾಕ್ ಸ್ಟ್ಯಾಂಡ್ ಅಲುಗದೆ ನಿಲ್ಲಲು ಆ ಸಮತಟ್ಟಾದ ಸಿಮೆಂಟಿನ ನೆಲಕ್ಕಿಂತ ಒಳ್ಳೆಯ ಜಾಗ ನಮ್ಮಲ್ಲಿಲ್ಲ.

ಬಿಡಿಭಾಗಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಸಲೀಸಾಗಿ ಕೂತವು. ಆದರೆ ಕೆಲಸ ಮುಗಿಸಿ ಪೆಡಲ್ ಒತ್ತಿದರೆ, ನಾದಿದ ಹಿಟ್ಟನ್ನು ಒತ್ತಿದಂತೆ ಅದು ಮೆತ್ತಗೆ ಇಳಿಯುತ್ತಾ ಹೋಗಿ ಹೆಚ್ಚುಕಡಿಮೆ ನೆಲಕ್ಕೆ ತಾಗಿತು. ಪೈಪು ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರುವುದು ಸಹಜ. ಬ್ರೇಕ್ ಆಯಿಲ್ ದ್ರವವಾದ್ದರಿಂದ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದು ಸಲಕ್ಕೆ ಕಳಿಸುವ ಆಯಿಲೇ ಕೆಲವು ಮಿಲಿಲೀಟರಿನಷ್ಟು. ಒಳಗೆ ಒಂದು ಗುಳ್ಳೆ ಉಳಿದರೂ ಪೆಡಲಿನ ಇಳಿತದ ಬಹುಪಾಲು ಆ ಗುಳ್ಳೆಯನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಮಗಳನ್ನು ಸೀಟಿನಲ್ಲಿ ಕೂರಿಸಿ ಏರ್ ತೆಗೆಯಲು ತೊಡಗಿದೆ. ಚಕ್ರದ ಬ್ರೇಕಿನಲ್ಲಿ ಗಾಳಿ ಹೊರಬಿಡಲೆಂದೇ ಇರುವ ನಿಪ್ಪಲ್ಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿದ್ದ ಆಯಿಲಿನೊಳಗೆ ಮುಳುಗಿಸಿ, ಅವಳು ಒತ್ತಿ ಹಿಡಿದಾಗ ಕಾಲು ಸುತ್ತು ಸಡಿಲಿಸಿ, ಅವಳು ಕಾಲೆತ್ತುವ ಮೊದಲೇ ಬಿಗಿ ಮಾಡುವ ಹಳೆಯ ಕ್ರಮವದು. ಕೈಪಿಡಿಯಲ್ಲಿದ್ದ ಅನುಕ್ರಮದಂತೆ ನಾಲ್ಕೂ ಚಕ್ರಗಳನ್ನು ಮೂರು ಸುತ್ತು ಮುಗಿಸಿದೆವು. ಮೇಲಿನ ಡಬ್ಬಿಯಲ್ಲಿ ಆಯಿಲ್ ಕನಿಷ್ಠ ಗೆರೆಗಿಂತ ಕೆಳಗಿಳಿಯಲು ಒಮ್ಮೆಯೂ ಬಿಡಲಿಲ್ಲ. ನಳಿಕೆಯಲ್ಲಿ ಒಂದು ಗುಳ್ಳೆಯೂ ಕಾಣದಂತಾಯಿತು, ಆದರೂ ಪೆಡಲ್ ಮೆತ್ತಗೇ ಇತ್ತು.

ಇಲ್ಲಿ ನಾನು ಮಾಡಿದ್ದ ಒಂದು ಕೆಲಸವನ್ನು ಎಲ್ಲರಿಗೂ ಹೇಳಬಯಸುತ್ತೇನೆ. ಮೊದಲ ಸುತ್ತಿಗೂ ಮುಂಚೆಯೇ ಪೆಡಲಿನ ಕೆಳಗೆ ಒಂದು ಮರದ ತುಂಡನ್ನು ಇಟ್ಟಿದ್ದೆ. ಹಳೆಯ ಕಾರಿನ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ನಿತ್ಯ ಓಡಾಡುವ ಭಾಗ ಮಾತ್ರ ನುಣುಪಾಗಿದ್ದು, ಅದರಾಚೆ ತುಕ್ಕು ಅಥವಾ ಕಿಟ್ಟ ಕೂತಿರುವ ಸಾಧ್ಯತೆಯಿದೆ. ಏರ್ ತೆಗೆಯುವಾಗ ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಿದರೆ ಒಳಗಿನ ರಬ್ಬರ್ ಸೀಲುಗಳು ಆ ಒರಟು ಭಾಗಕ್ಕೆ ಉಜ್ಜಿ ಹರಿಯಬಹುದು. ಆಗ ಇದ್ದ ತೊಂದರೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ.

ಮರುದಿನ ಬೆಳಿಗ್ಗೆ, ಇನ್ನಷ್ಟು ಆಯಿಲ್ ಸುರಿಯುವ ಬದಲು, ಪೆಡಲ್ ಯಾವ ರೀತಿ ಕೆಟ್ಟಿದೆ ಎಂಬುದನ್ನು ಮೊದಲು ಗುರುತಿಸಲು ಕುಳಿತೆ. ಒಂದೇ ಸಮನಾದ ಒತ್ತಡದಲ್ಲಿ ಹಿಡಿದಾಗ ಪೆಡಲ್ ನಿಧಾನವಾಗಿ ಜಾರುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲು ಹಿಡಿಯುತ್ತಿಲ್ಲ. ಕೊನೆಯವರೆಗೂ ಸ್ಪಂಜಿನಂತೆ ಪುಟಿಯುತ್ತಿದ್ದರೆ ಗಾಳಿಯಿದೆ. ಆಳಕ್ಕೆ ಹೋದರೂ ಅಲ್ಲಿ ಕಲ್ಲಿನಂತೆ ನಿಂತರೆ, ಡಿಸ್ಕಿನ ಪ್ಯಾಡ್ ಅಥವಾ ಡ್ರಮ್ಮಿನೊಳಗಿನ ಶೂಗಳು ತಾವು ಒತ್ತಬೇಕಾದ ಮೇಲ್ಮೈಯಿಂದ ದೂರವಿದ್ದು ಆ ಅಂತರವನ್ನು ತುಂಬುವುದಕ್ಕೇ ಆಯಿಲ್ ಖರ್ಚಾಗುತ್ತಿದೆ. ಮೆತ್ತಗಿರುವುದು ಬೇರೆ, ಆಳಕ್ಕಿರುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಮೊದಲ ದಿನ ವ್ಯರ್ಥವಾಗಿತ್ತು. ಎಂಜಿನ್ ಚಾಲೂ ಮಾಡಿದ ಕೂಡಲೇ ಒತ್ತಿ ಹಿಡಿದ ಪೆಡಲ್ ಒಂದಿಷ್ಟು ಕೆಳಗಿಳಿಯುವುದು ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರಿನ ಕೆಲಸ; ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ನನ್ನ ಪೆಡಲ್ ಜಾರುತ್ತಿರಲಿಲ್ಲ, ಪುಟಿಯುತ್ತಿತ್ತು. ಗಾಳಿ ಎಲ್ಲಿದೆಯೆಂದು ತಿಳಿಯಲು ರಬ್ಬರ್ ಹೋಸುಗಳನ್ನು ನುಣುಪು ಬಾಯಿಯ ಕ್ಲ್ಯಾಂಪುಗಳಿಂದ ಮೆಲ್ಲಗೆ ಅದುಮಿ ಮುಚ್ಚಿದೆ. ಹಲ್ಲಿರುವ ಇಕ್ಕಳದಿಂದ ಹಿಡಿದರೆ ಹೋಸಿನ ಒಳಪದರ ಸೀಳುತ್ತದೆ, ಆ ತಪ್ಪನ್ನು ಯಾರೂ ಮಾಡಬಾರದು. ಎಲ್ಲ ಹೋಸುಗಳೂ ಮುಚ್ಚಿದ್ದಾಗ ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತಿತು. ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆಯೆಂದು ಅಷ್ಟಕ್ಕೇ ಸಮಾಧಾನವಾಯಿತು. ಹಿಂದಿನವನ್ನು ಬಿಡಿಸಿದಾಗ ಪೆಡಲ್ ಸ್ವಲ್ಪ ಆಳಕ್ಕಿಳಿದರೂ ಕೊನೆಯಲ್ಲಿ ಗಟ್ಟಿಯಾಗಿಯೇ ಇತ್ತು. ಮುಂದಿನ ಬಲಗಡೆಯದನ್ನು ಬಿಡಿಸಿದ ಕೂಡಲೇ ಮೆತ್ತಗಾಯಿತು, ಎಡಗಡೆಯದನ್ನೂ ಬಿಡಿಸಿದಾಗ ಇನ್ನಷ್ಟು.

ಟಾರ್ಚ್ ಹಿಡಿದು ಕ್ಯಾಲಿಪರುಗಳ ಮುಂದೆ ಕೂತು ನೋಡಿದಾಗ ಕಾರಣ ಕಣ್ಣೆದುರಿಗೇ ಇತ್ತು. ಏರ್ ತೆಗೆಯುವ ನಿಪ್ಪಲ್ ಎರಡರಲ್ಲೂ ಕೆಳಭಾಗದಲ್ಲಿತ್ತು. ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದೆ. ಹಲವು ಕಾರುಗಳಲ್ಲಿ ಎರಡೂ ಬದಿಯವು ಒಂದರ ಜಾಗದಲ್ಲಿ ಇನ್ನೊಂದು ನಿರಾಯಾಸವಾಗಿ ಕೂರುತ್ತವೆ, ಬೋಲ್ಟೂ ಹೋಸೂ ಸರಿಯಾಗಿ ಹೊಂದುತ್ತವೆ, ಪ್ಯಾಡು ಹಿಡಿಯುತ್ತದೆ. ಗಾಳಿ ಮಾತ್ರ ಯಾವಾಗಲೂ ಮೇಲಕ್ಕೇ ಹೋಗಿ ನಿಲ್ಲುವುದರಿಂದ, ಕೆಳಗಿನ ತೂತಿನಿಂದ ಎಷ್ಟು ಆಯಿಲ್ ಹರಿಸಿದರೂ ಮೇಲಿನ ಮೂಲೆಯ ಗುಳ್ಳೆ ಕದಲುವುದಿಲ್ಲ. ಹಿಂದಿನ ದಿನ ನಳಿಕೆಯಲ್ಲಿ ಬಂದ ಗುಳ್ಳೆಯಿಲ್ಲದ ಶುದ್ಧ ಆಯಿಲ್ ನನ್ನನ್ನು ದಾರಿ ತಪ್ಪಿಸಿದ್ದು ಹೀಗೆ. ಎರಡನ್ನೂ ಅದಲುಬದಲು ಮಾಡಿ, ಹೋಸಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ ಮತ್ತೆ ಏರ್ ತೆಗೆದಾಗ, ಮೊದಲ ಒತ್ತಿಗೇ ಎಡಗಡೆಯಿಂದ ದೊಡ್ಡ ಗುಳ್ಳೆಗಳು ಸಾಲುಸಾಲಾಗಿ ಬಂದವು.

ಈಗ ಪೆಡಲಿನ ಸ್ಪಂಜಿನ ಗುಣ ಹೋಯಿತು, ಆಳ ಉಳಿಯಿತು. ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲು ಎಳೆದು ಪೆಡಲ್ ಒತ್ತಿದಾಗ ಅದು ಮೇಲೆಯೇ ಹಿಡಿಯಿತು. ಹ್ಯಾಂಡ್‌ಬ್ರೇಕ್ ಹಿಂದಿನ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ಸರಿಸುವುದರಿಂದ, ಅಂತರ ಅಲ್ಲೇ ಇದೆಯೆಂಬುದು ಇದರಿಂದ ಸ್ಪಷ್ಟವಾಯಿತು. ಡ್ರಮ್ ಹೊರಬರಲೆಂದು, ಶೂಗಳ ಅಂತರ ಹೊಂದಿಸುವ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಸರಿಮಾಡದೆ ಮುಚ್ಚಿದ್ದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟು, ಕೇಬಲ್ ಸಡಿಲವಿದೆಯೆಂದು ಖಚಿತಪಡಿಸಿಕೊಂಡು, ಶೂ ಡ್ರಮ್ಮಿಗೆ ಸವರುವ ಸದ್ದು ಬರುವವರೆಗೆ ಅಡ್ಜಸ್ಟರನ್ನು ಬಿಗಿ ಮಾಡಿ, ಚಕ್ರ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಟ್ಟೆ. ಒಮ್ಮೆ ಪೆಡಲ್ ಒತ್ತಿ ಶೂಗಳು ನಡುವಿಗೆ ಕೂತ ಮೇಲೆ ಅದನ್ನೇ ಮತ್ತೆ ಮಾಡಿದೆ. ಪೆಡಲ್ ಪಾದಕ್ಕೆ ಪರಿಚಿತವಾದ ಎತ್ತರಕ್ಕೆ ಬಂತು.

ಆಯಿಲಿನ ಬಗ್ಗೆಯೂ ಹೇಳಬೇಕು. ಆಡುಮಾತಿನಲ್ಲಿ ಆಯಿಲ್ ಎಂದರೂ ಡಾಟ್ 3 ಮತ್ತು ಡಾಟ್ 4 ಎಂಬ ದರ್ಜೆಯವು ಗ್ಲೈಕಾಲ್ ಜಾತಿಯ ದ್ರವಗಳು. ಎಂಜಿನ್ ಆಯಿಲ್ ತಪ್ಪಿ ಬೆರೆತರೆ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಸಿಲಿಕೋನಿನ ಡಾಟ್ 5 ಅನ್ನೂ ಇವುಗಳ ಜೊತೆ ಬೆರೆಸಬಾರದು. ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ, ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಅದರ ಆವಿಯೂ ಗಾಳಿಯಂತೆಯೇ ಕುಗ್ಗಿ ಪೆಡಲ್ ಕೈಕೊಡುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ತೆರೆದಿಟ್ಟ ಡಬ್ಬಿಯ ಉಳಿಕೆಯನ್ನು ಮುಂದಿನ ವರ್ಷಕ್ಕೆಂದು ನಾನು ಇಟ್ಟುಕೊಳ್ಳುವುದಿಲ್ಲ.

ಕಾರನ್ನು ಹೊರಗೆ ತೆಗೆಯುವ ಮೊದಲು, ಎಂಜಿನ್ ಚಾಲೂ ಇಟ್ಟು ಒಂದು ನಿಮಿಷ ಪೆಡಲನ್ನು ಬಲವಾಗಿ ಒತ್ತಿ ಹಿಡಿಯುವಂತೆ ಮಗಳಿಗೆ ಹೇಳಿ, ಪ್ರತಿಯೊಂದು ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿದೆ. ನಂತರ ಕಣದಲ್ಲೇ ನಡಿಗೆಯ ವೇಗದಲ್ಲಿ ಹತ್ತಾರು ಸಲ ನಿಲ್ಲಿಸಿದೆ. ಹೊಸ ಪ್ಯಾಡುಗಳು ಹೊಂದಿಕೊಳ್ಳಬೇಕಿದ್ದುದರಿಂದ, ಮೊದಲ ಗೇರಿನಲ್ಲೇ ಪೇಟೆಗೆ ಇಳಿದು, ಸಖರಾಯಪಟ್ಟಣದ ಕಡೆಯ ಬಯಲು ರಸ್ತೆಯಲ್ಲಿ ಎರಡು ದಿನ ಓಡಿಸಿದೆ. ವಾರದ ನಂತರ ಚಕ್ರ ಬಿಚ್ಚಿ ತಾಮ್ರದ ವಾಷರುಗಳ ಸುತ್ತ ಮತ್ತೆ ಕಾಗದ ಒತ್ತಿದಾಗ ಅದು ಒಣಗಿಯೇ ಇತ್ತು, ಡಬ್ಬಿಯ ಮೇಲೆ ಪೆನ್ನಿನಿಂದ ಗುರುತು ಹಾಕಿದ್ದ ಗೆರೆಯಲ್ಲೇ ಆಯಿಲ್ ನಿಂತಿತ್ತು.