ಸೆವೆನ್ ಕಪ್ ಬರ್ಫಿ: ಬಾಣಲೆ ಇಳಿಸುವ ಹದ

ಪಾಕದ ಹೆದರಿಕೆಯಿಂದ ಮನೆಯಲ್ಲಿ ಸಿಹಿ ಮಾಡಲು ಹಿಂಜರಿಯುವವರಿಗೆ ನಾನು ಮೊದಲು ಹೇಳಿಕೊಡುವುದು ಸೆವೆನ್ ಕಪ್ ಬರ್ಫಿಯನ್ನು. ಮೈಸೂರು ಪಾಕಿಗಾದರೆ ಸಕ್ಕರೆಯ ಎಳೆಪಾಕವನ್ನು ಮೊದಲೇ ತೆಗೆದುಕೊಂಡು, ಹಿಟ್ಟು ಬೆರೆಸಿದ ಮೇಲೆ ಕಾದ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯುತ್ತ ಹೋಗಬೇಕು. ಇಲ್ಲಿ ಎಲ್ಲವನ್ನೂ ಒಂದೇ ಬಾಣಲೆಗೆ ಹಾಕಿ ಒಲೆಯ ಮೇಲಿಟ್ಟರಾಯಿತು. ಕಡಲೆ ಹಿಟ್ಟು, ಹಸಿ ತೆಂಗಿನಕಾಯಿ ತುರಿ, ಹಾಲು, ತುಪ್ಪ ಒಂದೊಂದು ಕಪ್, ಸಕ್ಕರೆ 3 ಕಪ್, ಹೀಗೆ ಒಟ್ಟು 7 ಕಪ್ ಎಂಬುದು ಮನೆಮನೆಗಳಲ್ಲಿ ನಡೆದುಬಂದಿರುವ ಅಳತೆ. ನಾನು ಸಕ್ಕರೆಯನ್ನು ಎರಡೂವರೆ ಕಪ್ಪಿಗೆ ಇಳಿಸಿಕೊಂಡಿದ್ದೇನೆ, ನಮ್ಮ ಮನೆಯವರ ನಾಲಿಗೆಗೆ ಅಷ್ಟು ಸಾಕು. ಆದರೆ ಬರ್ಫಿ ಗಟ್ಟಿಯಾಗಿ ಕೂರುವುದು ಬಹುಮಟ್ಟಿಗೆ ಸಕ್ಕರೆಯಿಂದಲೇ ಆದ್ದರಿಂದ, ಇನ್ನೂ ಕಡಿಮೆ ಮಾಡುತ್ತ ಹೋದರೆ ಅದು ಹಲ್ವದಂತೆ ಮೆತ್ತಗೆ ಉಳಿಯುತ್ತದೆ.

ಕಡಲೆ ಹಿಟ್ಟನ್ನು ಜರಡಿ ಹಿಡಿದು, ಎರಡು ಚಮಚ ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಘಮ ಬರುವವರೆಗೆ ಮಾತ್ರ ಹುರಿಯುತ್ತೇನೆ, ಬಣ್ಣ ತಿರುಗಬಾರದು. ಹುರಿಯದೆಯೂ ಮಾಡುವವರಿದ್ದಾರೆ, ಆದರೆ ಹಸಿ ವಾಸನೆ ಹೋಗುವುದಕ್ಕೆ ಈ ಐದು ನಿಮಿಷದ ಕೆಲಸವನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಯಿಯನ್ನು ತುರಿಯುವಾಗ ಕರಟದ ಬಳಿಯ ಕಂದು ಭಾಗ ಬೀಳದಂತೆ ನೋಡಿಕೊಂಡು, ಮಿಕ್ಸಿಯಲ್ಲಿ ನೀರು ಹಾಕದೆ ಒಂದು ಸುತ್ತು ತಿರುಗಿಸಿದರೆ ಬರ್ಫಿ ನಯವಾಗಿ ಬರುತ್ತದೆ. ಹುರಿದ ಹಿಟ್ಟು ಪೂರ್ತಿ ತಣಿದ ಮೇಲೆ ಕಾಯಿಸಿ ಆರಿಸಿದ ಹಾಲನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಗಂಟಿಲ್ಲದಂತೆ ಕಲಸಿಕೊಂಡು, ಅದಕ್ಕೆ ಕಾಯಿತುರಿ, ಸಕ್ಕರೆ, ಕರಗಿಸಿದ ತುಪ್ಪ ಸೇರಿಸಿ, ಆಮೇಲಷ್ಟೇ ಒಲೆ ಹಚ್ಚುತ್ತೇನೆ. ಬಾಣಲೆ ದಪ್ಪ ತಳದ್ದೇ ಆಗಿರಬೇಕು.

ಮಧ್ಯಮ ಉರಿಯಲ್ಲಿ ಇಟ್ಟ ಮಿಶ್ರಣ ಸಕ್ಕರೆ ಕರಗಿದಂತೆ ಮೊದಲು ನೀರಾಗುತ್ತದೆ. ಇದನ್ನು ಕಂಡು ಗಾಬರಿಯಾಗಿ ಹಿಟ್ಟು ಸೇರಿಸಲು ಹೋಗಬಾರದು. ನೀರಿನಂಶ ಆರುತ್ತ ಹೋದಂತೆ ಅದು ದೊಡ್ಡ ದೊಡ್ಡ ಗುಳ್ಳೆಗಳಾಗಿ ಕುದಿದು, ಅರ್ಧ ಗಂಟೆಯ ಹೊತ್ತಿಗೆ ಸೌಟಿನ ಹಿಂದೆಯೇ ಒಂದು ಮುದ್ದೆಯಾಗಿ ಸಾಗತೊಡಗುತ್ತದೆ. ಪಾಶ್ಚಾತ್ಯರ ಫಡ್ಜ್‌ನಲ್ಲಿ ಥರ್ಮಾಮೀಟರ್ ಇಟ್ಟು ಪಾಕ ಸುಮಾರು 114 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಇಳಿಸುತ್ತಾರೆ. ನಮಗೆ ಆ ಹದವನ್ನು ಕಣ್ಣು ಮತ್ತು ಬೆರಳುಗಳೇ ಹೇಳಬೇಕು. ನಾನು ನೋಡುವುದು ಬಾಣಲೆಯ ಅಂಚನ್ನು. ಅಲ್ಲಿ ತುಪ್ಪ ಬಿಟ್ಟುಕೊಂಡು, ಸಣ್ಣ ಬಿಳಿ ನೊರೆ ಕಾಣಿಸಿಕೊಂಡು, ಮಗುಚಿದಾಗ ತಳ ಒಂದು ಕ್ಷಣ ಸ್ವಚ್ಛವಾಗಿ ಕಂಡರೆ ಉರಿಯನ್ನು ಸಣ್ಣದು ಮಾಡಿ, ಚಿಟಿಕೆಯಷ್ಟನ್ನು ತಟ್ಟೆಗೆ ಹಾಕಿ ಆರಿಸಿ ಉರುಳಿಸುತ್ತೇನೆ. ಬೆರಳಿಗೆ ಅಂಟದೆ ಮೆತ್ತನೆಯ ಉಂಡೆಯಾದರೆ ತಕ್ಷಣ ಇಳಿಸಬೇಕು. ಇಲ್ಲಿಂದ ಮುಂದೆ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಬಾಣಲೆಯ ಬಿಸಿಯಲ್ಲಿ ಅದು ಗಟ್ಟಿಯಾಗುತ್ತಲೇ ಇರುತ್ತದೆ. ಒಲೆಯ ಮುಂದೆ ನಿಂತವರು ಈ ಹೊತ್ತಿನಲ್ಲಿ ಫೋನ್ ಎತ್ತಿಕೊಳ್ಳದಿರುವುದೇ ಕ್ಷೇಮ.

ಏಲಕ್ಕಿ ಪುಡಿ ಬೆರೆಸಿ, ಮೊದಲೇ ತುಪ್ಪ ಸವರಿಟ್ಟ ತಟ್ಟೆಗೆ ಸುರಿದು, ತುಪ್ಪ ಸವರಿದ ಬಟ್ಟಲಿನ ತಳದಿಂದ ಮೇಲ್ಮೈಯನ್ನು ಸಮ ಮಾಡುತ್ತೇನೆ. ಬಲವಾಗಿ ಒತ್ತಿದರೆ ಒಳಗಿನ ಗುಳ್ಳೆಗಳು ಅಡಗಿ ಬರ್ಫಿ ಬಿರುಸಾಗುತ್ತದೆ. ಹತ್ತು ನಿಮಿಷ ಬಿಟ್ಟು, ಬೆಚ್ಚಗಿರುವಾಗಲೇ ಗೆರೆ ಹಾಕಿ, ಪೂರ್ತಿ ಆರಿದ ಮೇಲೆ ತುಂಡುಗಳನ್ನು ಬಿಡಿಸುತ್ತೇನೆ. ಹಸಿ ಕಾಯಿ ಇರುವುದರಿಂದ ಹೊರಗಿಟ್ಟರೆ ನಾಲ್ಕೈದು ದಿನದಲ್ಲಿ ಮುಗಿಸುವುದು ಒಳ್ಳೆಯದು.

ತಟ್ಟೆಯಲ್ಲಿ ಪುಡಿಪುಡಿಯಾಗಿ ಒಡೆಯಿತೆಂದರೆ ಹದ ಮೀರಿದೆ ಎಂದರ್ಥ. ಅದನ್ನೆಲ್ಲ ಬಾಣಲೆಗೆ ಹಾಕಿ, ಅರ್ಧ ಬಟ್ಟಲು ಹಾಲು ಬೆರೆಸಿ, ಸಣ್ಣ ಉರಿಯಲ್ಲಿ ಕರಗಿಸಿ ಮತ್ತೆ ಅಂಚು ಬಿಡುವವರೆಗೆ ಮಗುಚಿದರೆ ಸರಿಹೋಗುತ್ತದೆ. ಕೂರದೆ ಅಂಟಂಟಾಗಿ ಉಳಿದಿದ್ದರೆ ಹಾಲಿನ ಅಗತ್ಯವೂ ಇಲ್ಲ, ಮತ್ತೆ ಒಲೆಗೇರಿಸಿ ಅದೇ ಗುರುತುಗಳಿಗಾಗಿ ಕಾದರೆ ಸಾಕು.